ಕಂತಿನಲ್ಲಿ ಬಡತನ ತೀರುವುದಿಲ್ಲ

2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬಿದ್ದದ್ದು ಸುದ್ದಿಯಾಯಿತು. ಮೈಕ್ರೋಫೈನಾನ್ಸ್ ಕಂಪನಿಗಳ ಕಂತು ಕಟ್ಟಲಾಗದೆ ಸಂಸಾರಗಳು ಊರು ಬಿಟ್ಟಿದ್ದವು. ಹಾವೇರಿ ಜಿಲ್ಲೆಯ ಹೆಂಗಸರು ಮಾಂಗಲ್ಯ ಉಳಿಸಿಕೊಡಿ ಎಂದು ಮುಖ್ಯಮಂತ್ರಿಗೆ ಮೊರೆಯಿಟ್ಟರು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಿರುಕುಳ ಕೊಟ್ಟು ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. 3 ಲಕ್ಷದ ಸಾಲಕ್ಕೆ 5 ಲಕ್ಷದ ದಂಡವೇ ಎಂದು ರಾಜ್ಯಪಾಲರು ಒಮ್ಮೆ ಕಡತ ವಾಪಸು ಕಳಿಸಿ, ಆಮೇಲೆ ಸಹಿ ಹಾಕಿದರು.

ಆ ದಿನಗಳ ಟಿವಿ ಚರ್ಚೆ, ನಾಯಕರ ಹೇಳಿಕೆ, ಪತ್ರಿಕೆಗಳ ಅಂಕಣ ಯಾವುದನ್ನು ನೋಡಿದರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ತೀರ್ಮಾನಕ್ಕೆ: ಯೋಜನೆ ಒಳ್ಳೆಯದು, ನಡೆಸುವವರು ಕೆಟ್ಟವರು. ನಾಲ್ಕು ಜನ ರೌಡಿ ಏಜೆಂಟರನ್ನು ಒಳಗೆ ಹಾಕಿದರೆ ಉಳಿದದ್ದೆಲ್ಲ ಸರಿಹೋಗುತ್ತದೆ. ಬಡ ಹೆಣ್ಣುಮಗಳಿಗೆ ಅಡಮಾನವಿಲ್ಲದೆ ಸಾಲ ಸಿಕ್ಕರೆ ಅವಳು ಹಸು ಕಟ್ಟುತ್ತಾಳೆ, ಅಂಗಡಿ ಇಡುತ್ತಾಳೆ, ಹೊಲಿಗೆ ಯಂತ್ರ ಕೊಳ್ಳುತ್ತಾಳೆ, ಬಡತನದಿಂದ ತಾನೇ ಎದ್ದು ಬರುತ್ತಾಳೆ ಎಂಬ ನಂಬಿಕೆಗೆ ಮಾತ್ರ ಯಾರೂ ಕೈ ಹಚ್ಚಲಿಲ್ಲ. ಎಡದವರು, ಬಲದವರು, ಬ್ಯಾಂಕಿನವರು, ಎನ್‌ಜಿಒದವರು, ವಿಶ್ವಸಂಸ್ಥೆಯವರು ಎಲ್ಲರಿಗೂ ಒಪ್ಪಿಗೆಯಾದ ನಂಬಿಕೆಯಿದು. ಏಜೆಂಟರ ವಿಷಯ ಪೊಲೀಸರು ನೋಡಿಕೊಳ್ಳಲಿ. ನನ್ನ ತಕರಾರು ಈ ನಂಬಿಕೆಯ ಮೇಲೆ.

ಇದು ಹುಟ್ಟಿದ್ದು ಬಾಂಗ್ಲಾದೇಶದಲ್ಲಿ. ಚಿತ್ತಗಾಂಗ್ ವಿಶ್ವವಿದ್ಯಾಲಯದ ಪಕ್ಕದ ಜೋಬ್ರಾ ಎಂಬ ಹಳ್ಳಿಯಲ್ಲಿ 1976ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ 42 ಜನರಿಗೆ ಒಟ್ಟು 27 ಡಾಲರ್ ಕೈಯಿಂದ ಸಾಲ ಕೊಟ್ಟರು. ಮೋಡಾ ಎಂಬ ಬಿದಿರಿನ ಪೀಠ ಹೆಣೆಯುವ ಹೆಂಗಸರು ಬಿದಿರಿಗೆ ವ್ಯಾಪಾರಿಯನ್ನೇ ನೆಚ್ಚಿದ್ದರು, ಹೆಣೆದದ್ದನ್ನು ಅವನು ಹೇಳಿದ ಬೆಲೆಗೆ ಅವನಿಗೇ ಕೊಡಬೇಕಿತ್ತು. ಯೂನುಸ್ ಕೊಟ್ಟ ದುಡ್ಡು ಆ ಕೊಂಡಿಯನ್ನು ಕಳಚಿತು. ಒಳ್ಳೆಯ ಕೆಲಸ, ಅನುಮಾನವಿಲ್ಲ. 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು, 2005ನ್ನು ವಿಶ್ವಸಂಸ್ಥೆ ಕಿರುಸಾಲದ ವರ್ಷವೆಂದು ಸಾರಿತು, 2006ರಲ್ಲಿ ಯೂನುಸ್ ಮತ್ತು ಬ್ಯಾಂಕಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಬಡತನವನ್ನು ಮುಂದೆ ಮ್ಯೂಸಿಯಮ್ಮಿನಲ್ಲಿ ನೋಡಬೇಕಾಗುತ್ತದೆ ಎಂದು ಯೂನುಸ್ ಹೋದಲ್ಲೆಲ್ಲ ಹೇಳುತ್ತಿದ್ದರು. ನಮ್ಮಲ್ಲಿ ಅದೇ ಮಾದರಿಯಲ್ಲಿ ಎನ್‌ಜಿಒ ಆಗಿ ಶುರುವಾದ ಎಸ್‌ಕೆಎಸ್ ಕಂಪನಿಯಾಗಿ ಬೆಳೆದು, 2010ರ ಆಗಸ್ಟಿನಲ್ಲಿ ಷೇರುಪೇಟೆಗೆ ಇಳಿಯಿತು. ಬಂಡವಾಳಗಾರರು ಮುಗಿಬಿದ್ದರು. ಎರಡು ತಿಂಗಳು ಕಳೆಯುವಷ್ಟರಲ್ಲಿ, ಸಾಲಗಾರರ ಆತ್ಮಹತ್ಯೆಗಳ ಸುದ್ದಿಯ ನಡುವೆ, ಆಂಧ್ರಪ್ರದೇಶ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಇಡೀ ವ್ಯವಹಾರವನ್ನೇ ನಿಲ್ಲಿಸಿತು. ಕೋಲಾರದಲ್ಲಿ ಅದಕ್ಕೂ ಒಂದು ವರ್ಷ ಮೊದಲೇ, 2009ರಲ್ಲಿ, ಸಾಲಗಾರರು ಒಟ್ಟಾಗಿ ಕಂತು ಕಟ್ಟುವುದನ್ನು ನಿಲ್ಲಿಸಿದ್ದರು. 2025ರಲ್ಲಿ ನಾವು ಬೆಚ್ಚಿಬಿದ್ದ ಹಾಗೆ ಮಾಡಿದೆವಷ್ಟೆ.

ಒಂದೇ ರೋಗ ಹದಿನಾರು ವರ್ಷಗಳಲ್ಲಿ ಮೂರು ಸಲ ಕಾಣಿಸಿಕೊಂಡರೆ ಔಷಧಿಯ ಮೇಲೆ ಅನುಮಾನ ಬರಬೇಕು. ಅನುಮಾನಪಟ್ಟು ಪರೀಕ್ಷಿಸಿದವರೂ ಇದ್ದಾರೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ರೇಚಲ್ ಗ್ಲೆನರ್ಸ್ಟರ್, ಸಿಂಥಿಯಾ ಕಿನನ್ ಹೈದರಾಬಾದಿನ 104 ಬಡ ಬಡಾವಣೆಗಳನ್ನು ಆರಿಸಿಕೊಂಡು, ಚೀಟಿ ಎತ್ತಿದ ಹಾಗೆ ಅದರಲ್ಲಿ 52ಕ್ಕೆ ಮಾತ್ರ ಮೊದಲು ಸ್ಪಂದನ ಎಂಬ ಕಂಪನಿಯ ಶಾಖೆ ಬರುವಂತೆ ಮಾಡಿದರು. ಉಳಿದ 52 ಹೋಲಿಕೆಗೆ. ಹದಿನೈದು ಹದಿನೆಂಟು ತಿಂಗಳ ಮೇಲೆ ಎರಡೂ ಕಡೆ ಮನೆಮನೆ ಸಮೀಕ್ಷೆ. ಮೊದಲೇ ವ್ಯಾಪಾರ ಇದ್ದವರಲ್ಲಿ ಕೆಲವರಿಗೆ ಲಾಭ ಹೆಚ್ಚಿತ್ತು, ಮನೆಗೆ ಬಾಳಿಕೆಯ ಸಾಮಾನು ಬಂದಿತ್ತು. ಆದರೆ ತಲಾ ಖರ್ಚು ಏರಲಿಲ್ಲ, ಮಕ್ಕಳ ಓದು ಸುಧಾರಿಸಲಿಲ್ಲ, ಮನೆಯಲ್ಲಿ ಹೆಂಗಸಿನ ಮಾತಿಗೆ ತೂಕ ಬರಲಿಲ್ಲ. ಬೊಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ, ಮೊರೊಕ್ಕೊಗಳಲ್ಲಿ ಬೇರೆ ಬೇರೆ ತಂಡಗಳು ಇಂಥದೇ ಪರೀಕ್ಷೆ ನಡೆಸಿದವು. 2015ರಲ್ಲಿ ಆರೂ ಅಧ್ಯಯನಗಳು ಒಟ್ಟಿಗೆ ಪ್ರಕಟವಾದಾಗ ಆರರಲ್ಲಿ ಒಂದೂ ಬಡತನ ಗಣನೀಯವಾಗಿ ತಗ್ಗಿತೆಂದು ಹೇಳಲಿಲ್ಲ. ಸ್ವಲ್ಪ ಅನುಕೂಲ, ಅಲ್ಲಿಗೆ ಮುಗಿಯಿತು. ಬ್ಯಾನರ್ಜಿ, ಡುಫ್ಲೋ 2019ರಲ್ಲಿ ನೊಬೆಲ್ ಪಡೆದಾಗ ನಮ್ಮ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಈ ಫಲಿತಾಂಶ ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ.

ಇನ್ನೊಂದು ಸಂಗತಿ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹೈದರಾಬಾದಿನಲ್ಲಿ ಸಾಲ ಬಾಗಿಲಿಗೆ ಬಂದರೂ ಅರ್ಹ ಮನೆಗಳಲ್ಲಿ ಕಂಪನಿ ಸಾಲ ತೆಗೆದುಕೊಂಡವು ಮೂರರಲ್ಲಿ ಒಂದಕ್ಕೂ ಕಡಿಮೆ. ಬಡವರೆಲ್ಲ ಬಂಡವಾಳಕ್ಕಾಗಿ ಬಾಯಿಬಿಟ್ಟು ಕೂತಿದ್ದಾರೆ ಎಂಬ ಕಲ್ಪನೆ ಸಾಲ ಕೊಡುವವರದು. ಭಾರತದಲ್ಲಿ ದುಡಿಯುವವರಲ್ಲಿ ಅರ್ಧಕ್ಕೂ ಹೆಚ್ಚು ಜನ ಈಗಾಗಲೇ ಸ್ವಯಂ ಉದ್ಯೋಗಿಗಳು. ಬಡ ದೇಶಗಳಲ್ಲೆಲ್ಲ ಹೀಗೇ. ಸಿರಿವಂತ ದೇಶಗಳಲ್ಲಿ ಬಹುಪಾಲು ಜನ ಸಂಬಳಕ್ಕೆ ದುಡಿಯುತ್ತಾರೆ. ಅಂಗಡಿ ಇಡುವುದೇ ಬಡತನಕ್ಕೆ ಮದ್ದಾಗಿದ್ದರೆ ನಾವು ಎಂದೋ ಅಮೆರಿಕವನ್ನು ಹಿಂದೆ ಹಾಕಿರಬೇಕಿತ್ತು. ನಮ್ಮ ಬೀದಿಯ ಹೂವಿನವಳು, ಇಡ್ಲಿ ಗಾಡಿಯವಳು, ಗುಟ್ಕಾ ಶಾಂಪೂ ತೂಗುಹಾಕಿಕೊಂಡ ಪೆಟ್ಟಿಗೆ ಅಂಗಡಿಯವಳು ಉದ್ಯಮಶೀಲತೆಯ ಹುರುಪಿನಿಂದ ಅಲ್ಲಿ ಕೂತಿಲ್ಲ. ತಿಂಗಳ ಸಂಬಳದ ಕೆಲಸ ಎಲ್ಲೂ ಸಿಗಲಿಲ್ಲವಾದ್ದರಿಂದ ಕೂತಿದ್ದಾರೆ. ಮಗಳು ಗಾರ್ಮೆಂಟ್ಸ್‌ಗೋ ಆಸ್ಪತ್ರೆಯ ಆಯಾ ಕೆಲಸಕ್ಕೋ ಸೇರಿದ ದಿನ ಅವರಲ್ಲಿ ಎಷ್ಟೋ ಜನ ಅಂಗಡಿ ಎತ್ತುತ್ತಾರೆ.

ಸಾಲದಿಂದ ಅಂಗಡಿ ಬೆಳೆಯುತ್ತದೆ ಎನ್ನುವವರು ಊರಿನ ಗಿರಾಕಿಗಳನ್ನು ಎಣಿಸುವುದಿಲ್ಲ. ಮುನ್ನೂರು ಮನೆಯ ಊರಿನಲ್ಲಿ ಒಬ್ಬಳಿಗೆ ಸಾಲ ಸಿಕ್ಕು ಅಂಗಡಿ ಇಟ್ಟರೆ ಅವಳಿಗೆ ಲಾಭ. ಅದೇ ಗುಂಪಿನ ಇನ್ನೂ ನಾಲ್ವರು ಅದೇ ಸಾಲದಲ್ಲಿ ಅದೇ ಅಂಗಡಿ ಇಟ್ಟರೆ ಮುನ್ನೂರು ಮನೆಯ ಉಪ್ಪು ಎಣ್ಣೆಯ ಖರ್ಚು ಐದು ಪಾಲಾಗುತ್ತದೆ, ಕಂತು ಮಾತ್ರ ಐದು ಪಾಲಾಗುವುದಿಲ್ಲ. ಜೋಬ್ರಾದ ಮೋಡಾ ಹೆಣೆಯುವವರಿಗೂ ಇದೇ ಮಾತು. ಕೊಳ್ಳುವವರ ಕೈಯಲ್ಲಿ ಹೆಚ್ಚು ದುಡ್ಡು ಬಾರದೆ ಮಾರುವವರ ಸಂಖ್ಯೆಯನ್ನಷ್ಟೇ ಹೆಚ್ಚಿಸುವುದಕ್ಕೆ ಅಭಿವೃದ್ಧಿ ಎಂಬ ಹೆಸರು ಹೇಗೆ ಬಂತೋ.

ಇನ್ನು ಕಂತಿನ ಲೆಕ್ಕ. ಶೇ 24ರ ಬಡ್ಡಿಗೆ ಎರಡು ವರ್ಷದ ಅವಧಿಗೆ 50,000 ರೂಪಾಯಿ ತೆಗೆದುಕೊಂಡರೆ ತಿಂಗಳಿಗೆ ಸುಮಾರು 2,640 ರೂಪಾಯಿ ಕಟ್ಟಬೇಕು, ಅದೂ ದುಡ್ಡು ಕೈಗೆ ಬಂದ ಕೆಲವೇ ವಾರಗಳಲ್ಲಿ ಶುರು. ಕುರಿ ಕೊಂಡರೆ? ಗಬ್ಬದ ಕಾಲವೇ ಐದು ತಿಂಗಳು, ಮರಿ ಬಲಿತು ಸಂತೆಗೆ ಹೋಗಲು ಇನ್ನಷ್ಟು ತಿಂಗಳು. ಕಡಸು ಕೊಂಡರೆ ಹಾಲು ಕಾಣಲು ವರ್ಷವೇ ಬೇಕಾದೀತು. ಹೊಸ ಹೊಲಿಗೆ ಯಂತ್ರಕ್ಕೆ ಗಿರಾಕಿ ಹಿಡಿಯಲು ಒಂದು ಹಬ್ಬವಾದರೂ ಕಳೆಯಬೇಕು. ಹುಟ್ಟುವಳಿ ಹುಟ್ಟುವ ಮೊದಲೇ ಕಂತು ಹುಟ್ಟಿರುತ್ತದೆ. ಹಾಗಾಗಿ ಜಾಣೆಯಾದವಳು ಸಾಲದ ದುಡ್ಡಿನಲ್ಲಿ ಒಂದು ಪಾಲನ್ನು ಕಂತಿಗೆಂದೇ ಎತ್ತಿಡುತ್ತಾಳೆ, ಅಂದರೆ ಕಂಪನಿಯ ದುಡ್ಡನ್ನೇ ಕಂಪನಿಗೆ ಬಡ್ಡಿ ಸೇರಿಸಿ ವಾಪಸು ಕೊಡುತ್ತಾಳೆ. ಕೊಲ್ಕತ್ತದಲ್ಲಿ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಜೊತೆಗಾರರು ಕೆಲವು ಸಾಲಗಾರರಿಗೆ ಮೊದಲ ಕಂತಿಗೆ ಎರಡು ವಾರದ ಬದಲು ಎರಡು ತಿಂಗಳು ಬಿಡುವು ಸಿಗುವಂತೆ ಮಾಡಿ ನೋಡಿದರು. ವ್ಯಾಪಾರಕ್ಕೆ ಹಾಕಿದ ಬಂಡವಾಳ ಏರಿತು, ವರ್ಷಗಳ ಮೇಲೆ ಲಾಭವೂ ಏರಿತ್ತು. ಜೊತೆಗೆ ಸಾಲ ಬಾಕಿ ಉಳಿಸಿಕೊಂಡವರೂ ಹೆಚ್ಚಿದರು. ಆ ಕೊನೆಯ ಮಾತು ಸಾಕಾಯಿತು, ಕಂಪನಿಗಳು ಬಿಡುವಿನ ಗೋಜಿಗೆ ಹೋಗಲಿಲ್ಲ. ಸಾಲಗಾರಳ ಲಾಭ ಮತ್ತು ಕಂಪನಿಯ ವಸೂಲಿ ಎದುರುಬದುರಾದಾಗ ಕಂಪನಿ ಯಾವ ಕಡೆ ನಿಂತಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೂ ಈ ಉದ್ಯಮದವರ ದೊಡ್ಡ ಹೆಮ್ಮೆ ವಸೂಲಿಯೇ. ನೂರಕ್ಕೆ 98, 99 ಮರುಪಾವತಿ! ಬಡವರು ನಂಬಿಕಸ್ಥರು, ಸಾಲ ಅವರಿಗೆ ಫಲಿಸಿದೆ ಎಂಬುದಕ್ಕೆ ಇದೇ ಪುರಾವೆ ಎನ್ನುತ್ತಾರೆ. ಬಡವರು ನಂಬಿಕಸ್ಥರೆಂಬುದಕ್ಕೆ ಪುರಾವೆ ಹೌದು. ಸಾಲ ಫಲಿಸಿತೆಂಬುದಕ್ಕೆ ಅಲ್ಲ. ಕಂತು ಎಲ್ಲಿಂದ ಬಂತು ಎಂದು ಆ ಅಂಕಿ ಹೇಳುವುದಿಲ್ಲ. ಗಂಡನ ಗಾರೆ ಕೆಲಸದ ಕೂಲಿಯಿಂದ ಬಂದಿರಬಹುದು, ಅಡವಿಟ್ಟ ಓಲೆಯಿಂದ ಬಂದಿರಬಹುದು, ಎರಡನೆಯ ಕಂಪನಿಯ ಸಾಲದಿಂದ ಮೊದಲನೆಯದರ ಕಂತು ತೀರಿರಬಹುದು. ಮೂರು ಕಂಪನಿಗಳಲ್ಲಿ 50,000ದಂತೆ ಸಾಲ ಇದ್ದರೆ ತಿಂಗಳಿಗೆ ಸುಮಾರು 7,900 ರೂಪಾಯಿ. ದಿನಗೂಲಿಯ ಮನೆಗೆ ಅದರ ಅರ್ಥ ಏನೆಂದು ವಿವರಿಸಬೇಕಿಲ್ಲ.

ಅಡಮಾನ ಬೇಡವೆನ್ನುವುದು ಕಾಗದದ ಮೇಲಿನ ಮಾತು. ಅಡವಿರುವುದು ಮಾನ. ಗುಂಪಿನಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು, ಅಥವಾ ಅವರಿಗೆ ಮುಂದಿನ ಸಾಲವಿಲ್ಲ. ಹಾಗಾಗಿ ವಸೂಲಿಗೆ ಕಂಪನಿಯ ಹುಡುಗ ಬರುವ ಮೊದಲೇ ಪಕ್ಕದ ಮನೆಯವಳು ಬಂದಿರುತ್ತಾಳೆ. ಕಷ್ಟಕ್ಕಾಗುತ್ತಿದ್ದ ನೆರೆಯವಳನ್ನೇ ಜಪ್ತಿದಾರಳನ್ನಾಗಿ ಮಾಡಿದ ಈ ಏರ್ಪಾಟನ್ನು ನಿರ್ವಹಣಾ ಶಾಸ್ತ್ರದವರು ಸಾಮಾಜಿಕ ಬಂಡವಾಳ ಎಂದು ಹೊಗಳಿದರು. ಬಾಂಗ್ಲಾದ ಹಳ್ಳಿಗಳಲ್ಲಿ ಇದನ್ನು ಕಣ್ಣಾರೆ ಕಂಡು ಬರೆದ ಮಾನವಶಾಸ್ತ್ರಜ್ಞೆ ಲಾಮಿಯಾ ಕರೀಂ 2011ರ ತಮ್ಮ ಪುಸ್ತಕದಲ್ಲಿ, ಕಂತು ತಪ್ಪಿಸಿದವಳ ಮನೆಯ ತಗಡನ್ನು ಗುಂಪಿನವರೇ ಕಿತ್ತು ಮಾರಿ ಸಾಲ ತುಂಬಿದ ಪ್ರಸಂಗಗಳನ್ನು ದಾಖಲಿಸಿದ್ದಾರೆ. ಏಜೆಂಟ್ ಸಭ್ಯನಾಗಿದ್ದರೂ ಈ ಯಂತ್ರ ಹೀಗೇ ತಿರುಗುತ್ತದೆ. ಸುಗ್ರೀವಾಜ್ಞೆಗೆ ಅದು ಸಿಗುವುದಿಲ್ಲ.

ಗುಂಪಿನ ಸಾಲಕ್ಕೆಲ್ಲ ಒಂದೇ ಬಣ್ಣ ಬಳಿಯುವುದು ಅನ್ಯಾಯ. ಕರ್ನಾಟಕದಲ್ಲೇ ಬೇರೊಂದು ದಾರಿ ಇತ್ತು. 1980ರ ದಶಕದ ನಡುವಿನಲ್ಲಿ ಮೈರಾಡ ಸಂಸ್ಥೆ ಬೆಳೆಸಿದ ಸಂಘಗಳಲ್ಲಿ ಹೆಂಗಸರು ಮೊದಲು ತಮ್ಮದೇ ಉಳಿತಾಯ ಕೂಡಿಸಿದರು, ಬಡ್ಡಿ ಎಷ್ಟು, ಯಾರಿಗೆ ಮೊದಲು, ತೀರಿಸಲು ಎಷ್ಟು ಕಾಲ ಎಂಬುದನ್ನು ಅವರೇ ಕೂತು ತೀರ್ಮಾನಿಸಿದರು. ಬಂದ ಬಡ್ಡಿ ಸಂಘಕ್ಕೇ. ಮದುವೆಗೋ ಜ್ವರಕ್ಕೋ ಸಾಲ ಬೇಕಾದರೆ ಹಾಗೆಂದೇ ಹೇಳಿ ತೆಗೆದುಕೊಳ್ಳಬಹುದಿತ್ತು. ಆ ಅನುಭವದ ಮೇಲೆಯೇ ನಬಾರ್ಡ್ 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಇಳಿದದ್ದು. ಅದೂ ಬಡತನವನ್ನು ಓಡಿಸಲಿಲ್ಲ, ಓಡಿಸುತ್ತೇನೆಂದು ಜಂಬವನ್ನೂ ಕೊಚ್ಚಲಿಲ್ಲ. ಕಷ್ಟಕಾಲಕ್ಕೆ ಕೈಗೆ ಹತ್ತಿರ ಇರುವ ದುಡ್ಡು ಎಂಬಷ್ಟೇ ಅದರ ಹೇಳಿಕೆ, ಆ ಮಾತನ್ನು ಉಳಿಸಿಕೊಂಡಿತು. ಬಡವರಿಗೆ ಹಣದ ಅನುಕೂಲ ಬೇಡವೆಂದು ಯಾರೂ ಹೇಳುತ್ತಿಲ್ಲ. ಇಂದು ಕೂಲಿ ಇದ್ದು ನಾಳೆ ಇಲ್ಲದವರಿಗೆ ಉಳಿತಾಯ, ಚೀಟಿ, ಕೈಸಾಲ ಎಲ್ಲವೂ ಬೇಕೇಬೇಕು. ಕೈಸಾಲವನ್ನು ವಿಮೋಚನೆ ಎಂದು ಮಾರಬೇಡಿ ಎನ್ನುತ್ತಿದ್ದೇನೆ.

ಇಲ್ಲೊಂದು ತಮಾಷೆ ಇದೆ. ಗೃಹಲಕ್ಷ್ಮಿಯಲ್ಲಿ ತಿಂಗಳಿಗೆ 2,000 ರೂಪಾಯಿ ಹೆಂಗಸರ ಖಾತೆಗೆ ಬಂದಾಗ ಬಿಟ್ಟಿ ಭಾಗ್ಯ, ಜನ ಸೋಮಾರಿಗಳಾಗುತ್ತಾರೆ, ಬೊಕ್ಕಸ ಬರಿದಾಗುತ್ತದೆ ಎಂದು ಕೂಗಿದವರು ಯಾರೋ, ಅದೇ ಹೆಂಗಸಿಗೆ ಶೇ 24ಕ್ಕೆ ಸಾಲ ಕೊಡುವುದನ್ನು ಸಬಲೀಕರಣ ಎಂದು ಚಪ್ಪಾಳೆ ತಟ್ಟುವವರೂ ಬಹುಪಾಲು ಅವರೇ. ಕಂತು ತಪ್ಪಿದ ಮೇಲೆ ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು’ ಎಂದು ಬುದ್ಧಿ ಹೇಳುವವರೂ ಅವರೇ. ಅವಳ ಮನೆ ಬಾಗಿಲಿಗೆ ಬಂದು, ಎರಡು ಸಾಲ ಇರುವುದು ಗೊತ್ತಿದ್ದೂ ಮೂರನೆಯದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡವರಿಗೆ ಯಾವ ಗಾದೆಯೂ ಅನ್ವಯಿಸುವುದಿಲ್ಲ. ಈ ನಂಬಿಕೆ ಇಷ್ಟು ಜನಪ್ರಿಯವಾಗಿರುವುದರ ಗುಟ್ಟು ಇಲ್ಲೇ ಇದೆ: ಅದಕ್ಕೆ ತೆರಿಗೆ ಬೇಡ, ಭೂಮಿ ಹಂಚಬೇಕಿಲ್ಲ, ಕೂಲಿ ಏರಿಸಬೇಕಿಲ್ಲ, ಯಾರ ಕಾಲನ್ನೂ ತುಳಿಯಬೇಕಿಲ್ಲ. ಬಡತನ ಹೋದರೆ ಕೀರ್ತಿ ಕಂಪನಿಗೆ, ಹೋಗದಿದ್ದರೆ ಹೊಣೆ ಬಡವಳಿಗೆ.

ಹಾಗಾದರೆ ಬಾಂಗ್ಲಾದಲ್ಲಿ ಬಡತನ ಇಳಿದದ್ದು ಸುಳ್ಳೇ? ಇಳಿದದ್ದು ನಿಜ. ಆದರೆ ಆ ಲೆಕ್ಕವನ್ನು ಕಿರುಸಾಲದ ಖಾತೆಗೆ ಬರೆಯುವ ಮೊದಲು ಬೇರೆ ಕೆಲವನ್ನು ನೋಡಬೇಕು. 1979ರಲ್ಲಿ ದೇಶ್ ಗಾರ್ಮೆಂಟ್ಸ್ ಎಂಬ ಕಂಪನಿ ಕೊರಿಯಾದ ದೇವೂ ಜೊತೆ ಒಪ್ಪಂದ ಮಾಡಿಕೊಂಡು ಸುಮಾರು 130 ಜನರನ್ನು ಅಲ್ಲಿಗೆ ತರಬೇತಿಗೆ ಕಳಿಸಿತು. ಕಲಿತು ಬಂದವರಲ್ಲಿ ಅನೇಕರು ಬೇರೆ ಕಾರ್ಖಾನೆಗಳನ್ನು ಕಟ್ಟಿದರು, ಆ ಉದ್ಯಮ ಇಂದು ಸುಮಾರು 40 ಲಕ್ಷ ಜನರಿಗೆ ಕೆಲಸ ಕೊಟ್ಟಿದೆ, ಹೆಚ್ಚಿನವರು ಹಳ್ಳಿಯಿಂದ ಬಂದ ಹೆಂಗಸರು. ಗಾರ್ಮೆಂಟ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತ 2013ರ ದುರಂತವನ್ನು ನಾನು ಮರೆತಿಲ್ಲ, ಆ ಕೂಲಿಯೂ ಕಡಿಮೆಯೇ. ಆದರೂ ತಿಂಗಳ ಕೊನೆಗೆ ಬರುವ ಸಂಬಳ ಅವಳದು, ಅದರ ಮೇಲೆ ಬಡ್ಡಿ ಇಲ್ಲ. ಇನ್ನು ಕೊಲ್ಲಿ ದೇಶಗಳಲ್ಲಿ ದುಡಿಯುವವರು ಮನೆಗೆ ಕಳಿಸಿದ ದುಡ್ಡು. ಇನ್ನು ಬ್ರಾಕ್ ಸಂಸ್ಥೆಯ ಕಾರ್ಯಕರ್ತೆಯರು 1980ರ ದಶಕದಲ್ಲಿ ಕೋಟಿಗೂ ಹೆಚ್ಚು ಮನೆಗಳ ಬಾಗಿಲು ತಟ್ಟಿ, ಭೇದಿಯಾದ ಮಗುವಿಗೆ ಚಿಟಿಕೆ ಉಪ್ಪು, ಹಿಡಿ ಬೆಲ್ಲ ಕದಡಿದ ನೀರು ಕುಡಿಸಿ ಬದುಕಿಸುವುದನ್ನು ತಾಯಂದಿರಿಗೆ ಕಲಿಸಿದ್ದು. ಅದಕ್ಕೆ ಸಾಲದ ಅರ್ಜಿ ಬೇಕಾಗಿರಲಿಲ್ಲ.

ಬ್ರಾಕ್ ಸ್ವತಃ ದೊಡ್ಡ ಕಿರುಸಾಲ ಸಂಸ್ಥೆ. ಅಂಥದ್ದೇ ತನ್ನ ಸಾಲ ಕಡುಬಡವರನ್ನು ಮುಟ್ಟುತ್ತಿಲ್ಲವೆಂದು ಒಪ್ಪಿಕೊಂಡು 2002ರಲ್ಲಿ ಬೇರೆ ಕಾರ್ಯಕ್ರಮ ಶುರುಮಾಡಿತು: ಹಸುವನ್ನೋ ಮೇಕೆಯನ್ನೋ ಸಾಲವಾಗಿ ಅಲ್ಲದೆ ಸುಮ್ಮನೆ ಕೊಡುವುದು, ಅದು ಫಲ ಕೊಡುವವರೆಗೆ ಮನೆ ಖರ್ಚಿಗೆ ಭತ್ಯೆ, ಸಾಕುವ ತರಬೇತಿ, ಎರಡು ವರ್ಷ ಬೆನ್ನಿಗೆ ನಿಲ್ಲುವುದು. ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ಇದೇ ಬಗೆಯ ಕಾರ್ಯಕ್ರಮ ಪರೀಕ್ಷೆಯಾಯಿತು. ಸಹಾಯ ನಿಂತು ವರ್ಷವಾದ ಮೇಲೂ ಒಟ್ಟಾರೆ ಊಟ, ಗಳಿಕೆ, ಆಸ್ತಿ ಮೇಲೆಯೇ ಇದ್ದವು. ಪಶ್ಚಿಮ ಬಂಗಾಳದಲ್ಲಿ ಹತ್ತು ವರ್ಷದ ಮೇಲೆ ಹೋಗಿ ನೋಡಿದಾಗಲೂ ಆ ಏರಿಕೆ ಉಳಿದಿತ್ತು. ಬಿಟ್ಟಿ ಕೊಟ್ಟ ಹಸು ಯಾರನ್ನೂ ಸೋಮಾರಿ ಮಾಡಲಿಲ್ಲ.

ಕೂಲಿಯ ವಿಷಯಕ್ಕೆ ಬಂದರೆ ಪಕ್ಕದ ಆಂಧ್ರವೇ ಸಾಕ್ಷಿ. ಅಲ್ಲಿ 157 ಮಂಡಲಗಳಲ್ಲಿ ಉದ್ಯೋಗ ಖಾತರಿಯ ಹಣ ಸೋರದೆ ಕೂಲಿಕಾರರ ಕೈ ಸೇರುವಂತೆ ಮಾಡಿದ ಸುಧಾರಣೆಯನ್ನು ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್, ಸಂದೀಪ್ ಸುಖ್ತಂಕರ್ ಅಳೆದರು. ಬಡ ಮನೆಗಳ ಗಳಿಕೆ ಶೇ 14 ಏರಿತ್ತು, ಬಡತನ ಶೇ 26 ಇಳಿದಿತ್ತು. ಸ್ವಾರಸ್ಯವೆಂದರೆ ಆ ಏರಿಕೆಯಲ್ಲಿ ನೂರಕ್ಕೆ 86 ಪಾಲು ಯೋಜನೆಯ ದುಡ್ಡೇ ಅಲ್ಲ, ಹೊರಗಿನ ಕೆಲಸದ್ದು. ಸರ್ಕಾರಿ ಕೆಲಸ ಸಿಗುತ್ತದೆಂದು ಗೊತ್ತಾದ ಮೇಲೆ ಜಮೀನುದಾರರು ಕೂಲಿ ಏರಿಸಬೇಕಾಯಿತು. ನಮ್ಮಲ್ಲೂ ‘ಈಗ ಕೂಲಿ ಆಳೇ ಸಿಗೋಲ್ಲ ಮಾರಾಯ’ ಎಂಬ ಗೊಣಗಾಟ ಕೇಳದ ಕಾಫಿ ತೋಟ, ಕಬ್ಬಿನ ಗದ್ದೆ ಇಲ್ಲ. ಬಡತನ ಇಳಿಯುವಾಗ ಆಗುವ ಶಬ್ದ ಅದೇ.

ಎದುರಾಳಿಗಳ ಕೈಯಲ್ಲಿ ಗಟ್ಟಿ ವಾದವೊಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2010ರಲ್ಲಿ ಆಂಧ್ರದಲ್ಲಿ ಸಾಲ ನಿಂತಾಗ ಅಲ್ಲಿ ದುಡ್ಡು ಸಿಕ್ಕಿಕೊಂಡ ಕಂಪನಿಗಳು ಬೇರೆ ರಾಜ್ಯಗಳಲ್ಲೂ ಸಾಲ ಕೊಡುವುದನ್ನು ಮೊಟಕುಗೊಳಿಸಿದವು. ಅಂಥ ಜಿಲ್ಲೆಗಳನ್ನು ಎಮಿಲಿ ಬ್ರೆಝಾ ಮತ್ತು ಸಿಂಥಿಯಾ ಕಿನನ್ ಅಧ್ಯಯನ ಮಾಡಿದಾಗ ಅಲ್ಲಿ ಕೂಲಿ ದರವೂ ಮನೆಗಳ ಖರ್ಚೂ ಕುಸಿದಿದ್ದವು. ನೋಡಿ, ಸಾಲ ಹೋದರೆ ಬಡವರೇ ಮುಳುಗುತ್ತಾರೆ, ಮೀಟರ್ ಬಡ್ಡಿಯವನ ಕಾಲಿಗೆ ಬೀಳುತ್ತಾರೆ ಎನ್ನುತ್ತಾರೆ. ನಾನು ಆ ಅಧ್ಯಯನವನ್ನು ಒಪ್ಪುತ್ತೇನೆ. ಅದು ಏನು ತೋರಿಸುತ್ತದೆ? ಊರೊಳಗೆ ಓಡಾಡುತ್ತಿದ್ದ ದುಡ್ಡು ಏಕಾಏಕಿ ಖಾಲಿಯಾದರೆ ಕೆಲಸ ಕೊಡುವವರ ಕೈ ಬಿಗಿಯಾಗುತ್ತದೆ, ಕೂಲಿ ಬೀಳುತ್ತದೆ. ಪೆಟ್ಟು ಬಿದ್ದದ್ದು ಮುಖ್ಯವಾಗಿ ಕೂಲಿಯ ಮೂಲಕ, ಸಾಲವನ್ನೇ ತೆಗೆದುಕೊಳ್ಳದ ಮನೆಗೂ. ಅದೇ ದುಡ್ಡು ಕೂಲಿಯಾಗಿ, ಪಿಂಚಣಿಯಾಗಿ, ರಸ್ತೆ ಕೆರೆ ಕೆಲಸವಾಗಿ ಊರೊಳಗೆ ಬಂದರೆ ಇದೇ ಚಲಾವಣೆ ಇರುತ್ತದೆ, ಬಡ್ಡಿಯೊಂದು ಹೊರಗೆ ಹರಿಯುವುದಿಲ್ಲ. ಹಾಗಾಗಿ ರಾತ್ರೋರಾತ್ರಿ ಕಂಪನಿಗಳನ್ನು ಮುಚ್ಚಿಸಿ ಎಂಬ ಬೇಡಿಕೆ ನನ್ನದಲ್ಲ.

ಮಾಡಬೇಕಾದದ್ದು ಅದಕ್ಕಿಂತ ಸಪ್ಪೆಯಾದ ಕೆಲಸ. 2011ರಲ್ಲಿ ರಿಸರ್ವ್ ಬ್ಯಾಂಕ್ ಹಾಕಿದ್ದ ಬಡ್ಡಿಯ ಮಿತಿ 2022ರ ಹೊಸ ನಿಯಮದಲ್ಲಿ ಹೋಯಿತು. ಈಗಿರುವುದು ಇನ್ನೊಂದು ಮಿತಿ: ವರ್ಷಕ್ಕೆ 3 ಲಕ್ಷದೊಳಗಿನ ಆದಾಯದ ಮನೆ ತನ್ನ ತಿಂಗಳ ಆದಾಯದ ಅರ್ಧದವರೆಗೆ ಕಂತು ಕಟ್ಟಬಹುದು. ಅಂದರೆ 12,000 ದುಡಿಯುವ ಮನೆಯಿಂದ 6,000 ಎತ್ತುವುದು ಪೂರ್ತಿ ಕಾನೂನುಬದ್ಧ, ಯಾವ ಏಜೆಂಟನೂ ದನಿ ಏರಿಸದೆ. ಆ ಅರ್ಧವನ್ನು ಕಾಲು ಭಾಗಕ್ಕೆ ಇಳಿಸಿ. ಮೊದಲ ಕಂತಿಗೆ ಎರಡು ತಿಂಗಳು ಬಿಡುವು ಕೊಡಿ. ಮತ್ತೆ, ಅರ್ಜಿಯಲ್ಲಿ ಸಾಲದ ಉದ್ದೇಶ ಎಂಬ ಖಾನೆಯಲ್ಲಿ ಹಸು ಎಂದು ಬರೆಸಿ ಆಪರೇಷನ್ನಿಗೆ ದುಡ್ಡು ಕೊಡುವ ನಾಟಕ ನಿಲ್ಲಲಿ. ಆಸ್ಪತ್ರೆ ಎಂದರೆ ಆಸ್ಪತ್ರೆ, ಶಾಲೆ ಫೀಸು ಎಂದರೆ ಫೀಸು, ಹಳೇ ಸಾಲ ಎಂದರೆ ಹಳೇ ಸಾಲ ಎಂದೇ ಬರೆಸಿಕೊಳ್ಳಲಿ. ತಾಲ್ಲೂಕುವಾರು ಆ ಪಟ್ಟಿ ವರ್ಷಕ್ಕೊಮ್ಮೆ ವಿಧಾನಸಭೆಗೆ ಬರಲಿ, ಹಣಕಾಸು ಸಚಿವರ ಬದಲು ಆರೋಗ್ಯ, ಶಿಕ್ಷಣ ಮತ್ತು ಕಾರ್ಮಿಕ ಸಚಿವರು ಎದ್ದು ನಿಂತು ಅದಕ್ಕೆ ಉತ್ತರ ಕೊಡಲಿ.